ಚೇಳಿನ ಕಂಡಕ್ಟರು

ಮೊನ್ನೆ ಭಾನುವಾರ ನಮ್ಮ ಯಾದಗಿರಿಯ ಮನೆಯ ಪಡಸಾಲೆಯಲ್ಲಿ ನಾಲ್ಕು ಜನ ಕೂತಿದ್ದೆವು. ನಾನು, ನನ್ನ ಹೆಂಡತಿ, ಬೇಸಗೆಯ ರಜೆಗೆ ಬಂದ ಮೊಮ್ಮಗಳು, ಮತ್ತು ದಿನಾ ಚಹಾದ ಹೊತ್ತಿಗೆ ಸರಿಯಾಗಿ ನಮ್ಮನ್ನು ನೆನೆಸಿಕೊಳ್ಳುವ ಪಕ್ಕದ ಮನೆಯ ಮಾಸ್ತರರು. ಮಾಸ್ತರರು ಬಂದರೆಂದರೆ ಸಕ್ಕರೆ ಮುಗಿದಿರುತ್ತದೆ. ತರೋಣವೆಂದು ಎದ್ದೆ. ಬಾಗಿಲಲ್ಲಿದ್ದ ಚಪ್ಪಲಿ ಎತ್ತಿ ಒಂದಕ್ಕೊಂದು ಬಡಿದು, ಬೋರಲು ಹಿಡಿದು ಝಾಡಿಸಿ, ಬಗ್ಗಿ ಇಣುಕಿ ನೋಡಿ, ಆಮೇಲೆ ಕಾಲಿಗೆ ಹಾಕಿಕೊಂಡೆ. ಮೊಮ್ಮಗಳು ಕಿಸಕ್ಕನೆ ನಕ್ಕಳು.

"ಅಜ್ಜಾ, ಅದು ಹವಾಯಿ ಚಪ್ಪಲ್ ಐತಿ. ಅದರಾಗ ಒಳಗ ಅಂತ ಎಲ್ಲೈತಿ, ಇಣುಕಿ ನೋಡಾಕ?"

ಮಾತು ಖರೆಯೇ. ಆದರೆ ಅರವತ್ತು ವರ್ಷದ ಅಭ್ಯಾಸಕ್ಕೆ ಚಪ್ಪಲಿಯ ಜಾತಿ ಗೊತ್ತಾಗುವುದಿಲ್ಲ. ನನ್ನ ಹೆಂಡತಿ ಇಂಥ ಸಂದರ್ಭಕ್ಕೇ ಕಾಯುತ್ತಿರುತ್ತಾಳೆ. ನಿಮ್ಮಜ್ಜ ಕಂಡಕ್ಟರ್ ಇದ್ದಾಗ ಮೂರು ತಾಲೂಕಿಗೆ ಚೇಳಿನ ಸರದಾರ ಅನ್ನಿಸಿಕೊಂಡಿದ್ದ, ಕೇಳು ಅಂತ ಹುಡುಗಿಗೆ ಹೇಳಿ ಒಳಗೆ ಹೋದಳು. ಮಾಸ್ತರರು ಕಪ್ಪು ಕೆಳಗಿಟ್ಟು ಸರಿಯಾಗಿ ಕೂತರು. ಸಕ್ಕರೆ ಅಂಗಡಿಯಲ್ಲೇ ಉಳಿಯಿತು.

ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಅವರು ನಡುನಡುವೆ ನಕ್ಕರು. ನೀವೂ ನಗಬಹುದು, ಬೇಜಾರಿಲ್ಲ.

ನಿಜಾಮರ ಆಳ್ವಿಕೆ ಮುಗಿದಿತ್ತು; ಮೈಸೂರು ರಾಜ್ಯಕ್ಕೆ ನಾವಿನ್ನೂ ಸೇರಿರಲಿಲ್ಲ. ನಡುವಿನ ಆ ಕೆಲವು ವರ್ಷಗಳು ನಾನು ಕಂಡಕ್ಟರಾಗಿದ್ದ ಸರ್ಕಾರಿ ಮೋಟಾರಿನ ಹಾಗೇ ಇದ್ದವು. ಹೊರಟದ್ದು ಎಲ್ಲರಿಗೂ ಗೊತ್ತಿತ್ತು, ಮುಟ್ಟುವುದು ಯಾವಾಗ ಎಂದು ಯಾರೂ ಹೇಳುತ್ತಿರಲಿಲ್ಲ. ಟಿಕೆಟ್ಟಿನ ಮೇಲೆ ಉರ್ದು, ಮೋಟಾರಿನ ಹಣೆಯ ಮೇಲೆ ಇಂಗ್ಲಿಷು, ಕೂತವರ ಬಾಯಲ್ಲಿ ಕನ್ನಡ, ಗುರುಮಠಕಲ್ಲಿನವರು ಹತ್ತಿದರೆ ತೆಲುಗು, ಇಂಜಿನ್ನು ನಿಂತಾಗ ಡ್ರೈವರನ ಬಾಯಲ್ಲಿ ದಖನಿ. ನಾನು ಸಾಲಿಯಲ್ಲಿ ಕಲಿತದ್ದು ಉರ್ದು. ಕನ್ನಡ ಕಲಿಸಿದವರು ಅಜ್ಜಿ ಮತ್ತು ನಮ್ಮೂರ ಕಟ್ಟೆಯ ಮೇಲಿನ ಮುದುಕರು. ಹೀಗಾಗಿ ಕನ್ನಡ ನನಗೆ ಮೊದಲು ಕಿವಿಗೆ ಬಂತು, ಆಮೇಲೆ ಬಾಯಿಗೆ, ಕೈಗೆ ಬಂದದ್ದು ತೀರ ತಡವಾಗಿ. ಬೈಗುಳ ಮಾತ್ರ ಮೂರಕ್ಕೂ ಒಟ್ಟಿಗೇ ಬಂತು.

ನಮ್ಮ ಮೋಟಾರು ಸುರಪುರದಿಂದ ಶಹಾಪುರದ ಮೇಲೆ ಯಾದಗಿರಿಯ ಸ್ಟೇಷನ್ನಿಗೆ ಹೋಗಿ ಬರುತ್ತಿತ್ತು. ಡ್ರೈವರು ಖಾಜಾ ಮಾಮಾ. ಶಹಾಪುರದವನು, ನನ್ನ ಅಪ್ಪನ ವಯಸ್ಸಿನವನು. ಮೋಟಾರಿನ ಮುಂದಿನ ಎರಡು ಸಾಲು ಹೆಂಗಸರದು. ಅವರಿಗೂ ಗಂಡಸರಿಗೂ ನಡುವೆ ಒಂದು ಹಸಿರು ಪರದೆ ಇಳಿಬಿಟ್ಟಿರುತ್ತಿತ್ತು. ಹಳೆಯ ಕಾಲದಿಂದ ಬಂದ ಪದ್ಧತಿ. ಸರ್ಕಾರ ಬದಲಾದರೂ ಪರದೆ ಬದಲಾಗಿರಲಿಲ್ಲ, ಒಗೆದೂ ಇರಲಿಲ್ಲ. ಕಂಡಕ್ಟರನಾದವನು ಪರದೆ ಎತ್ತುವಂತಿಲ್ಲ. ಅದರ ಸಂದಿಯಲ್ಲಿ ಕೈ ತೂರಿಸಿದರೆ ಟಿಕೆಟ್ಟಿನ ರೊಕ್ಕ ಅಂಗೈಗೆ ಬೀಳುತ್ತಿತ್ತು. ಒಳಗೆ ಜಾಗದ ಸಲುವಾಗಿ ಜಗಳ ಶುರುವಾದರೆ ಟಿಕೆಟ್ಟು ತೂತು ಮಾಡುವ ಪಂಚಿನಿಂದ ಕಂಬಿಯನ್ನು ಟಣಟಣ ಬಡಿದು, "ಅವ್ವಾರ, ಸಮಾಧಾನ ಮಾಡ್ರಿ" ಅನ್ನಬೇಕು. ಅವರು ಸಮಾಧಾನ ಮಾಡುತ್ತಿರಲಿಲ್ಲ, ಆದರೆ ನನ್ನ ಕರ್ತವ್ಯ ಮುಗಿಯುತ್ತಿತ್ತು.

ಇನ್ನು ಚೇಳಿನ ಮಾತು. ನಾನು ಗುರುಮಠಕಲ್ ಕಡೆಯ ಒಂದು ಊರಿನವನು. ನಮ್ಮೂರ ಗುಡ್ಡದ ಮೇಲೆ ನಾಗರಪಂಚಮಿಯ ದಿನ ಕಲ್ಲು ಎತ್ತಿದಲ್ಲೆಲ್ಲ ಚೇಳು. ಜನ ಅವನ್ನು ಹೂವಿನಂತೆ ಎತ್ತಿಕೊಂಡು ಅಂಗೈಯ ಮೇಲೆ, ತೋಳಿನ ಮೇಲೆ, ಕೆಲವರು ಗಲ್ಲದ ಮೇಲೂ ಆಡಿಸುತ್ತಾರೆ. ಆ ದಿನ ಅವು ಕಚ್ಚುವುದಿಲ್ಲ ಎಂದು ನಂಬಿಕೆ. ನನಗೆ ಆರೇಳು ವರ್ಷವಿದ್ದಾಗ ಅಜ್ಜಿ ನನ್ನ ಕೈ ಹಿಡಿದು ಗುಡ್ಡ ಹತ್ತಿಸಿದಳು. ಹೊಸ ಅಂಗಿ, ಜೇಬಿನಲ್ಲಿ ಹುರಿದ ಜೋಳದ ಅಳ್ಳು, ಮೇಲಿಂದ ಜಿಟಿಜಿಟಿ ಮಳೆ. ನನ್ನ ಗೆಳೆಯರೆಲ್ಲ ಚೇಳು ಹಿಡಿದು ಕುಣಿಯುತ್ತಿದ್ದರು. ನಾನು ಅಜ್ಜಿಯ ಸೀರೆಯೊಳಗೆ ಸೇರಿಕೊಂಡಿದ್ದೆ. ಕೈ ಚಾಚು ಅಂದಳು, ಚಾಚಿದೆ. ಕಣ್ಣು ಮಾತ್ರ ಗಟ್ಟಿಯಾಗಿ ಮುಚ್ಚಿದೆ. ಅಂಗೈಯ ಮೇಲೆ ಏನೋ ಗುಳುಗುಳು ಹರಿದುಹೋಯಿತು. ಕಣ್ಣು ತೆರೆದಾಗ ಅಂಗೈ ಬರಿದಾಗಿತ್ತು. ಹರಿದದ್ದು ಚೇಳೋ, ಇರುವೆಯೋ, ಅಜ್ಜಿಯ ಕಿರುಬೆರಳೋ ಎಂಬುದು ನನಗೆ ಈ ಹೊತ್ತಿಗೂ ಗೊತ್ತಿಲ್ಲ. ಅಜ್ಜಿ ಮಾತ್ರ ಗುಡ್ಡದಿಂದ ಇಳಿಯುವುದರೊಳಗೆ ಸಿಕ್ಕವರಿಗೆಲ್ಲ, ನನ್ನ ಮೊಮ್ಮಗ ಚೇಳು ಹಿಡಿದ ಅಂತ ಸಾರಿಬಿಟ್ಟಿದ್ದಳು. ಹಿರಿಯರ ಮಾತು. ನಾನು ಯಾಕೆ ಅಲ್ಲಗಳೆಯಲಿ?

ಈ ಕಥೆಯನ್ನು ಒಂದು ದಿನ ಶಹಾಪುರದ ಚಹಾದಂಗಡಿಯಲ್ಲಿ ಖಾಜಾ ಮಾಮಾನಿಗೆ ಹೇಳಿದೆ. ಕಣ್ಣು ಮುಚ್ಚಿದ ಭಾಗವನ್ನು ಬಿಟ್ಟು ಹೇಳಿದೆ. ಅಲ್ಲಿಂದ ಆ ಮನುಷ್ಯ ಪ್ರತಿ ಸ್ಟ್ಯಾಂಡಿನಲ್ಲೂ ನನ್ನನ್ನು ತೋರಿಸಿ, ಇವನು ಚೇಳಿನ ಊರಿನವನು, ಇವನಿಗೆ ಚೇಳು ಮುಟ್ಟುವುದಿಲ್ಲ, ಇವನು ಕೈಯಿಟ್ಟರೆ ವಿಷ ಇಳಿಯುತ್ತದೆ ಎಂದು ಒಂದೊಂದು ಊರಿಗೆ ಒಂದೊಂದು ಗುಣ ಸೇರಿಸುತ್ತ ಹೋದ. ಸುರಪುರದಲ್ಲಿ ಹೇಳಿದ್ದು ಹುಣಸಗಿಯವರ ಕಿವಿಗೆ ಬೀಳುವುದರೊಳಗೆ ನಾನು ದಿನಾ ಬೆಳಿಗ್ಗೆ ಚೇಳು ಕೊರಳಿಗೆ ಹಾಕಿಕೊಂಡೇ ಸ್ನಾನ ಮಾಡುವವನಾಗಿದ್ದೆ. ನಾನೂ ಮೀಸೆಯ ಮೇಲೆ ಕೈಯಾಡಿಸಿ ಸುಮ್ಮನಿರುತ್ತಿದ್ದೆ. ಆಗ ನನಗೆ ಮೀಸೆ ಸರಿಯಾಗಿ ಬಂದಿರಲೂ ಇಲ್ಲ.

ನಾನು ಹೇಳಹೊರಟ ದಿನ ಯಾದಗಿರಿಗೆ ನಮ್ಮ ಇಲಾಖೆಯ ದೊಡ್ಡ ಸಾಹೇಬರು ಬರುವವರಿದ್ದರು. ಕಂಡಕ್ಟರುಗಳೆಲ್ಲ ಇಸ್ತ್ರಿ ಮಾಡಿದ ಡ್ರೆಸ್ಸಿನಲ್ಲಿ ಇರಬೇಕೆಂದು ಹುಕುಮು. ಇಸ್ತ್ರಿಗೆ ಮೊದಲು ಗಂಜಿ ಹಾಕಬೇಕೆಂದು ಯಾರೋ ಹೇಳಿದರು. ಎಷ್ಟು ಎಂದು ಹೇಳಲಿಲ್ಲ. ಒಂದು ಪಾತ್ರೆ ಅನ್ನದ ಗಂಜಿಯನ್ನು ಪೂರಾ ಸುರಿದೆ. ಬೆಳಿಗ್ಗೆ ಖಾಕಿ ಪ್ಯಾಂಟು ಗೋಡೆಗೆ ಆನಿಸದೆಯೇ ತಾನೇ ನಿಂತಿತ್ತು. ಅದರೊಳಗೆ ಇಳಿದು, ಮೊಣಕಾಲು ಮಡಚಲಾಗದೆ, ಸಿಪಾಯಿಯಂತೆ ನಡೆಯುತ್ತ ಸುರಪುರದ ಸ್ಟ್ಯಾಂಡಿಗೆ ಬಂದೆ. ಖಾಜಾ ಮಾಮಾ ಮೇಲಿಂದ ಕೆಳಗೆ ನೋಡಿ, ಇವತ್ತು ಕೂತುಕೊಂಡರೆ ಮುರಿಯುತ್ತೀಯಾ ಎಂದ.

ಇಂಜಿನ್ನು ಹ್ಯಾಂಡಲ್ ತಿರುಗಿಸಿದಾಗೆಲ್ಲ ಕೆಮ್ಮಿ ಸುಮ್ಮನಾಗುತ್ತಿತ್ತು. ಹಿಂದಿನ ಸೀಟಿನಲ್ಲಿ ದರ್ಜಿಯೊಬ್ಬ ಹೊಲಿಗೆ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು, ಅದಕ್ಕೂ ಟಿಕೆಟ್ ಕೇಳಿದೆನೆಂದು ನನ್ನ ವಂಶವನ್ನು ವಿಚಾರಿಸುತ್ತಿದ್ದ. ಮೇಲೆ ಕಟ್ಟಿದ್ದ ಆಡು ಯಾರದೋ ಹುಲ್ಲಿನ ಹೊರೆಯನ್ನು ತಿನ್ನುತ್ತಿತ್ತು. ಇದೆಲ್ಲ ದಿನದ ಮಾತೇ. ನಾವು ಶಹಾಪುರ ಮುಟ್ಟಿದಾಗ ಮಾತ್ರ, ಮಲಗಿದ ಮನುಷ್ಯನಂತೆ ಕಾಣುವ ಅಲ್ಲಿನ ಗುಡ್ಡದ ಮುಖದ ಮೇಲೆ ಯಾರೋ ಕರಿಕಂಬಳಿ ಎಳೆದಿದ್ದರು. ಮಿರಗದ ಮಳೆಗೆ, ಅಂದರೆ ಮುಂಗಾರಿಗೆ, ಇನ್ನೂ ದಿನವಿತ್ತು. ಅಡ್ಡಮಳೆ, ಬಂದಂಗ ಹೋಗತೈತಿ ಎಂದು ಖಾಜಾ ಮಾಮಾ ಬೀಡಿ ಹಚ್ಚಿದ.

ಅಲ್ಲಿ ಹತ್ತಿದವಳು ಪಕ್ಕದ ಗೋಗಿ ಊರಿನ ಸಿದ್ದಮ್ಮ. ಗಟ್ಟಿ ಮುದುಕಿ. ಜೊತೆಗೆ ಸೊಸೆ ಮಲ್ಲವ್ವ, ಸೊಸೆಯ ಕಂಕುಳಲ್ಲಿ ಆಗತಾನೇ ನಡೆಯಲು ಕಲಿತ ಗಂಡುಕೂಸು. ಯಾದಗಿರಿಯಲ್ಲಿ ಸಿದ್ದಮ್ಮನ ಮಗಳು ಹಡೆದಿದ್ದಳು, ಬಾಣಂತನಕ್ಕೆ ಹೊರಟಿದ್ದರು. ಅದಕ್ಕಾಗಿ ಮುದುಕಿ ಒಂದು ದೊಡ್ಡ ಚೀಲದ ತುಂಬ ಕುಳ್ಳು ತುಂಬಿಕೊಂಡು ಬಂದಿದ್ದಳು. ಸಾಹೇಬರು ತಪಾಸಣೆಗೆ ಬರುವ ದಿನ ಸಗಣಿಯ ಕುಳ್ಳು!

"ಯಾದಗಿರ್ಯಾಗ ಕುಳ್ಳು ಸಿಗಂಗಿಲ್ಲೇನ್ರಿ ಯವ್ವಾ?" ಎಂದೆ.

"ಸಿಗತಾವ. ಉರಿಯಂಗಿಲ್ಲ. ಅಲ್ಲಿ ಎಮ್ಮಿ ಏನ್ ತಿಂತಾವೋ ಏನೋ, ಬರೇ ಹೊಗಿ. ಬಾಣಂತಿಗೆ ಹೊಗಿ ಕುಡಸ್ಲೇನು?"

ಇದಕ್ಕೆ ಇಲಾಖೆಯ ನಿಯಮಗಳಲ್ಲಿ ಉತ್ತರವಿರಲಿಲ್ಲ. ಚೀಲ ಮೋಟಾರಿನ ತಲೆಯ ಮೇಲೆ ಹೋಯಿತು.

ಶಹಾಪುರ ಬಿಟ್ಟು ಅರ್ಧ ದಾರಿಗೂ ಹೆಚ್ಚು ಬಂದಿದ್ದೆವು. ಒಮ್ಮೆಲೇ ಗಾಳಿ ಎದ್ದಿತು. ಕೆಂಪು ಧೂಳಿನಲ್ಲಿ ದಾರಿಯೇ ಕಾಣದಾಯಿತು. ಮೇಲೆ ಸಾಮಾನಿಗೆ ಹೊದಿಸಿದ್ದ ತಾಡಪತ್ರಿ ಹದ್ದಿನಂತೆ ಹಾರಿ ಯಾರದೋ ಹೊಲದಲ್ಲಿ ಇಳಿಯಿತು. ಹಿಂದೆಯೇ ಆಲಿಕಲ್ಲು. ಮೋಟಾರಿನ ತಗಡಿನ ಮೇಲೆ ಸಾವಿರ ಜನ ಒಟ್ಟಿಗೆ ಹಲಗೆ ಬಡಿದ ಹಾಗೆ. ಆಡು ಒದರುತ್ತಿತ್ತು, ದರ್ಜಿ ದೇವರನ್ನು ಕರೆಯುತ್ತಿದ್ದ. ಜನ ತಮ್ಮ ತಮ್ಮ ಗಂಟಿನ ಹೆಸರು ಹಿಡಿದು ಕೂಗತೊಡಗಿದರು. ನನಗೆ ಆ ದಿನ ಡ್ರೆಸ್ಸಿನ ಹುರುಪು ಬೇರೆ. ಮೋಟಾರು ನಿಲ್ಲಿಸಿ, ತಲೆಗೆ ಟಿಕೆಟ್ಟಿನ ಚೀಲ ಹೊದ್ದುಕೊಂಡು ಮೇಲೆ ಹತ್ತಿ, ಆಡಿನ ಸಮೇತ ಎಲ್ಲವನ್ನೂ ಒಳಗೆ ಇಳಿಸಿದೆ. ಕುಳ್ಳಿನ ಚೀಲ ಯಾರದು? ಸಿದ್ದಮ್ಮನದು. ಹಾಗಾದರೆ ಪರದೆಯ ಒಳಗೆ ತಳ್ಳು. ತಳ್ಳಿದೆ. ಇಳಿದು ಬರುವಷ್ಟರಲ್ಲಿ ನನ್ನ ಗಂಜಿ ಕರಗಿತ್ತು. ತೋಳಿನಿಂದ, ತೊಡೆಯಿಂದ ಬಿಳಿ ಅಂಟು ಇಳಿಯುತ್ತಿತ್ತು. ಸಾಹೇಬರು ನೋಡಿದ್ದರೆ ಇವನನ್ನು ಸೋಸಿ ತನ್ನಿ ಅನ್ನುತ್ತಿದ್ದರು.

ಮೋಟಾರು ಮತ್ತೆ ಹೊರಟು ಒಂದಿಷ್ಟು ದೂರ ಹೋಗಿತ್ತು. ಪರದೆಯ ಒಳಗೆ ಗದ್ದಲ ಎದ್ದಿತು. ಕೂಸು ಕಿಟಾರನೆ ಕಿರುಚಿತು, ಹೆಂಗಸರು ಒಬ್ಬರ ಮೇಲೊಬ್ಬರು ಕೂಗಿದರು. ಜಾಗದ ಜಗಳವೆಂದುಕೊಂಡು ನಾನು ಪಂಚಿನಿಂದ ಕಂಬಿ ಬಡಿದೆ. ಸಮಾಧಾನ ಮಾಡಲು ಹೇಳಿದೆ. ಗದ್ದಲ ಹೆಚ್ಚಾಯಿತು. ಇನ್ನೂ ಜೋರಾಗಿ ಬಡಿದೆ. ಆಗ ಸಿದ್ದಮ್ಮ ಪರದೆಯನ್ನು ಒಂದೇ ಕೈಯಲ್ಲಿ ಎಳೆದಳು. ಅದು ಸರಿಗೆಯ ಸಮೇತ ಕಿತ್ತು ನನ್ನ ತಲೆಯ ಮೇಲೆ ಬಿತ್ತು.

"ಏನ್ ಬಡೀತೀಯೋ ತಮ್ಮಾ, ಕೂಸಿಗೆ ಚೇಳ ಕಡದೈತಿ."

ಪರದೆಯಿಂದ ತಲೆ ಹೊರಗೆ ತೆಗೆದು ನೋಡಿದೆ. ಕುಳ್ಳಿನ ಚೀಲದ ಬಾಯಲ್ಲಿ, ಕೊಂಡಿ ಎತ್ತಿ ನಿಂತಿತ್ತು, ಕೆಂಪುಚೇಳು. ಸಣ್ಣದು. ದೊಡ್ಡ ಕರಿಚೇಳಿಗಿಂತ ಈ ಸಣ್ಣ ಕೆಂಪುಚೇಳಿಗೆ ನಮ್ಮ ಕಡೆ ಹೆಚ್ಚು ಹೆದರುತ್ತಾರೆ. ದೊಡ್ಡವರಾದರೆ ಒಂದು ದಿನ ಒದ್ದಾಡಿ ಏಳುತ್ತಾರೆ. ಕೂಸುಗಳ ಮಾತು ಬೇರೆ. ಖಾಜಾ ಮಾಮಾ ಮೋಟಾರು ನಿಲ್ಲಿಸಿ ಹ್ಯಾಂಡಲ್ ಹಿಡಿದು ಬಂದು ಅದನ್ನು ಜಜ್ಜಿದ. ಚೇಳಿನ ಊರಿನವನು ಆ ಹೊತ್ತಿಗೆ ಎಲ್ಲಿದ್ದನೆಂದರೆ, ಸೀಟಿನ ಮೇಲೆ, ದರ್ಜಿಯ ಹೆಗಲು ಹಿಡಿದುಕೊಂಡು ನಿಂತಿದ್ದ.

ಇದನ್ನು ಎಲ್ಲರೂ ನೋಡಿದರು. ನನ್ನ ಸರದಾರಿಕೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಹಿಂದಿನಿಂದ ಒಬ್ಬ ಮುದುಕ, ಅವರ ಕುಲದವರು ಚೇಳು ತುಳಿಯುವಂತಿಲ್ಲ, ಅದಕ್ಕೇ ಮೇಲೆ ಹತ್ತಿದ್ದಾನೆ ಎಂದು ಪಕ್ಕದವನಿಗೆ ತಿಳಿಸಿ ಹೇಳಿದ. ಎಲ್ಲರೂ ತಲೆದೂಗಿದರು. ನಾನು ಇಳಿಯುವಾಗ ದಾರಿ ಬಿಟ್ಟರು.

ಖಾಜಾ ಮಾಮಾ ಮೋಟಾರನ್ನು ಯಾದಗಿರಿಯತ್ತ ಓಡಿಸಿದ. ಆ ಮೋಟಾರು ಹಾಗೆ ಓಡಬಲ್ಲದೆಂದು ನನಗೆ ಗೊತ್ತೇ ಇರಲಿಲ್ಲ. ಊರು ಇನ್ನು ಕೆಲವೇ ಮೈಲು ಇರುವಾಗ ಗಕ್ಕನೆ ನಿಲ್ಲಿಸಿದ. ಮುಂದೆ ಹಳ್ಳ. ನಿನ್ನೆ ಆಡಿನ ಗೊರಸೂ ತೋಯದಷ್ಟು ನೀರಿದ್ದ ಹಳ್ಳ ಈಗ ಎರಡೂ ದಂಡೆ ಮೀರಿ, ತಗ್ಗು ಸೇತುವೆಯ ಮೇಲೆ ಕೆಂಪಗೆ ಹರಿಯುತ್ತಿತ್ತು. ಆಚೆ ದಂಡೆಯಲ್ಲಿ ಯಾದಗಿರಿಯಿಂದ ಬಂದ ಮೋಟಾರೊಂದು ನಮ್ಮ ಹಾಗೆಯೇ ನಿಂತಿತ್ತು. ಹಿಂದಕ್ಕೆ ಹೋದರೆ ಶಹಾಪುರ ದೂರ, ದಾರಿಯ ಬೇರೆ ಹಳ್ಳಗಳೂ ಇಷ್ಟು ಹೊತ್ತಿಗೆ ತುಂಬಿರುತ್ತವೆ.

ಕೂಸು ವಾಂತಿ ಮಾಡಿಕೊಂಡಿತು. ಮೈಯೆಲ್ಲ ಬೆವರು, ಅಂಗೈ ಮಾತ್ರ ಆಲಿಕಲ್ಲಿನ ಹಾಗೆ ತಣ್ಣಗೆ. ಇಷ್ಟು ಹೊತ್ತು ಅಳುತ್ತಿದ್ದದ್ದು ಈಗ ಅಳುವುದನ್ನು ನಿಲ್ಲಿಸಿತು. ಅಳು ನಿಂತದ್ದಕ್ಕೆ ಮೋಟಾರಿನಲ್ಲಿ ಯಾರೂ ಸಮಾಧಾನಪಡಲಿಲ್ಲ.

ಹಳ್ಳವು ಭೀಮೆಗೆ ಸೇರುವ ಮೂಲೆಯಲ್ಲಿ ಮೀನು ಹಿಡಿಯುವ ಅಂಬಿಗರ ನಾಲ್ಕು ಗುಡಿಸಲುಗಳಿದ್ದವು. ನಮ್ಮ ಕೂಗು ಕೇಳಿ ಅಲ್ಲಿಂದ ತಾಯಪ್ಪ ಎಂಬವನು ಹರಗೋಲನ್ನು ಬುಟ್ಟಿಯಂತೆ ತಲೆಯ ಮೇಲೆ ಬೋರಲು ಹೊತ್ತುಕೊಂಡು ಬಂದ. ದೂರದಿಂದ ನೋಡಿದರೆ ಕಾಲು ಬಂದ ಆಮೆ. ನೀರನ್ನೂ ಕೂಸನ್ನೂ ನೋಡಿದ. ಮೂರು ಜನರನ್ನು ದಾಟಿಸಬಲ್ಲೆ, ಈಗಲೇ ಹತ್ತಿದರೆ ಎಂದ.

ಸಿದ್ದಮ್ಮ ಜಪ್ಪಯ್ಯ ಅನ್ನಲಿಲ್ಲ. ನೆಲಕ್ಕೆ ಕೂತು ಕೂಸಿನ ಕಾಲನ್ನು ನನ್ನತ್ತ ಚಾಚಿದಳು. ಈ ನೀರಿನಲ್ಲಿ ಮೊಮ್ಮಗನನ್ನು ಕಳಿಸುವವಳಲ್ಲ ತಾನು, ಕೈಯಿಡುವ ಮನುಷ್ಯ ಇಲ್ಲೇ ನಿಂತಿದ್ದಾನೆ, ಇಡಲಿ ಎಂದಳು. ಕುಳ್ಳು ತಂದವಳು ತಾನೇ ಎಂದು ಅವಳಿಗೆ ಗೊತ್ತಿತ್ತು. ಚೀಲವನ್ನು ಒಳಗೆ ತಳ್ಳಿದವನು ನಾನೇ ಎಂದು ನನಗೆ ಗೊತ್ತಿತ್ತು. 

ಮಲ್ಲವ್ವ ನನ್ನ ಮುಖ ನೋಡಿದಳು.

"ಅಣ್ಣಾ, ಖರೇ ಹೇಳ್ರಿ. ನಿಮ್ಮ ಕೈಲೆ ಆಗತೈತೇನು?"

"ಆಗಂಗಿಲ್ಲವ್ವ," ಎಂದೆ. "ನಾ ಚೇಳ ಹಿಡದವನಲ್ಲ. ಸಣ್ಣಾಂವ ಇದ್ದಾಗ ಕೈ ಚಾಚಿದ್ದೆ, ಕಣ್ಣ ಮುಚ್ಚಿದ್ದೆ. ಅಷ್ಟ."

ಜನ್ಮದಲ್ಲಿ ಮೊದಲ ಸಲ ಪೂರಾ ಕಥೆ ಹೇಳಿದ್ದೆ. ಸಿದ್ದಮ್ಮ ಸುತ್ತ ನಿಂತವರ ಕಡೆ ತಿರುಗಿದಳು.

"ಕೇಳಿದ್ರೇನು? ಖರೇ ಶಕ್ತಿ ಇದ್ದವ್ರು ಹಿಂಗ ಮಾತಾಡ್ತಾರ. ಕಣ್ಣ ಮುಚ್ಚಿ ಹಿಡದಾನಂತ, ನೋಡ್ರಿ."

ಜನ ಕೈಮುಗಿದರು. ದರ್ಜಿ ಕೂಡ ಮುಗಿದ; ಮುಂಜಾನೆ ನನ್ನ ವಂಶ ವಿಚಾರಿಸಿದ್ದವನು. ಖಾಜಾ ಮಾಮಾ ನನ್ನ ರಟ್ಟೆ ಹಿಡಿದು ಮೋಟಾರಿನ ಹಿಂದಕ್ಕೆ ಎಳೆದುಕೊಂಡು ಹೋದ. ಅವನ ಕಣ್ಣಲ್ಲಿ ಯಾವ ತಮಾಷೆಯೂ ಇರಲಿಲ್ಲ.

"ನಿನ್ನ ಕೈಯಾಗ ಏನೂ ಇಲ್ಲಂತ ನಂಗ ಮೊದಲಿಂದ ಗೊತ್ತೈತಿ, ಬೇಟಾ. ನಾನ ಹಬ್ಬಿಸಿದ್ದು, ಬಾಯಿಚಟ. ಆದ್ರ ಈಗ ನೀ ಇಲ್ಲಂದ್ರ ಮುದುಕಿ ನಂಬಂಗಿಲ್ಲ. ಐತಿ ಅನ್ನು. ಐತಿ ಅಂದು ದವಾಖಾನಿಗೆ ಕಳಸು."

ಖರೆ ಹೇಳಿ ಕೆಲಸವಾಗಲಿಲ್ಲ. ಇನ್ನು ಸುಳ್ಳನ್ನಾದರೂ ನೆಟ್ಟಗೆ ಹೇಳಬೇಕಿತ್ತು. ನಾನು ಹೋಗಿ ಕೂಸಿನ ಮುಂದೆ ಕೂತೆ. ಕರಗಿದ ಗಂಜಿಯಲ್ಲಿ ಪ್ಯಾಂಟು ಪಚಕ್ಕೆಂದಿತು. ಅಜ್ಜಿ ಪೂಜೆಯಲ್ಲಿ ಹಾಕುತ್ತಿದ್ದ ದನಿಯನ್ನು ಎರವಲು ತಂದು, ಸಣ್ಣ ಹಿಮ್ಮಡಿಯ ಮೇಲೆ, ಚೇಳು ಕಡಿದ ಕೆಂಪುಚುಕ್ಕೆಯ ಮೇಲುಭಾಗದಲ್ಲಿ ಅಂಗೈಯಿಟ್ಟೆ.

"ಯವ್ವಾ, ನನ್ನ ಕೈ ವಿಷಾನ ತಡದು ನಿಲ್ಲಸತೈತಿ. ಇಳಸಂಗಿಲ್ಲ. ಇಳಸೂದು ದವಾಖಾನಿ ಸೂಜಿನೇ."

ಮುದುಕಿ ನನ್ನ ಕೈಯನ್ನೇ ನೋಡಿದಳು. 

"ಹಂಗಾರ ಸೂಜಿ ಚುಚ್ಚೂತನಕಾ ಕೈ ತಗೀಬ್ಯಾಡ," ಎಂದು ಎದ್ದಳು.

ಇದು ನನ್ನ ಲೆಕ್ಕದಲ್ಲಿ ಇರಲಿಲ್ಲ. ನಾನು ಅವರನ್ನು ಹರಗೋಲು ಹತ್ತಿಸಿ, ದಂಡೆಯಲ್ಲಿ ನಿಂತು ಸೀಟಿ ಊದಿ ಬೀಳ್ಕೊಡುವವನಿದ್ದೆ. ನೀರೆಂದರೆ ನನಗೆ ಚೇಳಿಗಿಂತ ಒಂದು ಕೈ ಹೆಚ್ಚಿನ ಭಯ. ಈಜು ಬರುವುದಿಲ್ಲ, ನಮ್ಮೂರಲ್ಲಿ ಮುಳುಗುವಷ್ಟು ನೀರೇ ಇರಲಿಲ್ಲ. ಮೋಟಾರು ಬಿಟ್ಟು ಕಂಡಕ್ಟರನು ಹೋಗುವಂತಿಲ್ಲ ಎಂಬ ನಿಯಮ ನೆನಪಾಗಿ ಬಹಳ ಆಸೆಯಿಂದ ಖಾಜಾ ಮಾಮಾನ ಮುಖ ನೋಡಿದೆ. ಅವನು ಹೋಗು ಅಂದ. ಮೂರು ಜನವೆಂದರೆ ತಾಯಿ, ಕೂಸು, ಕೈ. ಸಿದ್ದಮ್ಮ ತನಗೆ ಜಾಗವಿಲ್ಲವೆಂದು ತಿಳಿದಾಗ ಒಂದೇ ಒಂದು ಸಲ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಆಮೇಲೆ ಹರಗೋಲಿನ ಅಂಚು ಹಿಡಿದು ಸೊಂಟದ ತನಕ ನೀರಿಗಿಳಿದು ನಮ್ಮನ್ನು ಅವಳೇ ದೂಡಿದಳು.

ಹರಗೋಲು ಗುಂಡಗಿರುತ್ತದೆ, ನಿಮಗೆ ಗೊತ್ತಲ್ಲ. ಅದಕ್ಕೆ ಮುಂದೆ ಹಿಂದೆ ಅಂತ ಇಲ್ಲ. ಹೊರಟ ಕೂಡಲೇ ತಿರುಗತೊಡಗಿತು. ಶಹಾಪುರ ಕಂಡಿತು, ಯಾದಗಿರಿ ಕಂಡಿತು, ಮತ್ತೆ ಶಹಾಪುರ ಕಂಡಿತು. ನನ್ನ ಒಂದು ಕೈ ಕೂಸಿನ ಕಾಲ ಮೇಲೆ, ಇನ್ನೊಂದು ಅಂಚಿನ ಮೇಲೆ. ಕೊರಳಲ್ಲಿದ್ದ ಟಿಕೆಟ್ಟಿನ ಚೀಲದೊಳಗೆ ಉರ್ದು ಅಕ್ಷರಗಳೆಲ್ಲ ನೆನೆದು ಅಂಬಲಿಯಾಗುತ್ತಿದ್ದವು. ಒಂದು ಮುರಿದ ಜಾಲಿಯ ಟೊಂಗೆ ತೇಲಿ ಬಂದು ನಮಗೆ ಢಿಕ್ಕಿ ಹೊಡೆಯಿತು. ನಾನು ನಿಮ್ಮ ಮುಂದೆ ಹೇಳಲಾಗದ ಒಂದು ದನಿ ಹೊರಡಿಸಿದೆ. ತಾಯಪ್ಪ ಹುಟ್ಟುಗೋಲಿನಿಂದ ಟೊಂಗೆಯನ್ನು ದೂಡಿ, ಸಾಹೇಬ್ರ, ಮಂತ್ರ ಮನಸಿನಾಗ ಹೇಳ್ರಿ, ಹರಗೋಲ ಅಲಗ್ತೈತಿ ಎಂದ.

ನಾನು ಕಣ್ಣು ಮುಚ್ಚಿದೆ. ನನಗೆ ಬರುತ್ತಿದ್ದ ವಿದ್ಯೆ ಅದೊಂದೇ. ಮುಚ್ಚಿದ ಮೇಲೆ ಅಂಗೈಗೆ ಒಂದು ಸಂಗತಿ ತಿಳಿಯತೊಡಗಿತು. ಆ ಪುಟ್ಟ ಹಿಮ್ಮಡಿಯ ಹಿಂದೆ, ಗುಬ್ಬಿಯ ಎದೆಯಲ್ಲಿ ಬಡಿದ ಹಾಗೆ, ಏನೋ ಬಡಿಯುತ್ತಿತ್ತು. ಒಮ್ಮೆ ಸಿಗುತ್ತಿತ್ತು, ಒಮ್ಮೆ ತಪ್ಪುತ್ತಿತ್ತು. ತಪ್ಪಿದಾಗ ಒತ್ತಿ ಹುಡುಕುತ್ತಿದ್ದೆ. ಮಲ್ಲವ್ವ, ಐತೇನಣ್ಣ, ಐತೇನಣ್ಣ ಎಂದು ಕೇಳುತ್ತಲೇ ಇದ್ದಳು. ಅವಳು ಕೇಳಿದ್ದು ನನ್ನ ಶಕ್ತಿಯನ್ನೋ ಕೂಸಿನ ಜೀವವನ್ನೋ, ನಾನು ವಿಚಾರಿಸಲಿಲ್ಲ. ಐತವ್ವ, ಐತಿ ಅನ್ನುತ್ತಲೇ ಹೋದೆ. ದಂಡೆ ಬಂದದ್ದು ನನಗೆ ಗೊತ್ತಾಗಲಿಲ್ಲ. ತಾಯಪ್ಪನೇ ಹೆಗಲು ಅಲುಗಾಡಿಸಿ ಎಬ್ಬಿಸಿದ.

ಆಚೆಯ ಮೋಟಾರಿನವನು ತಿರುಗಿಸಿ ಯಾದಗಿರಿಗೆ ಹೊಡೆದ. ದವಾಖಾನೆಯ ಡಾಕ್ಟರು ಮೈಸೂರು ಕಡೆಯಿಂದ ಹೊಸದಾಗಿ ಬಂದವರು, ಎಳೆಯ ವಯಸ್ಸು. ಅವರ ಮುಂದೆ ಹೋಗಿ ನಿಂತ ನನ್ನ ರೂಪವನ್ನು ನೆನೆಸಿಕೊಳ್ಳಿ: ಮೈತುಂಬ ಅಂಟು, ಅದರ ಮೇಲೆ ಕೆಂಪು ರಾಡಿ, ಕೊರಳಲ್ಲಿ ನೀರು ಸೋರುವ ಚೀಲ, ಬಗ್ಗಿದ ಸೊಂಟ, ಕೈ ಕೂಸಿನ ಕಾಲ ಮೇಲೆ.

"ಕೈ ತೆಗೀರಿ. ನೀವು ತಂದೆನಾ?" ಎಂದರು.

"ಅಲ್ರಿ. ಕಂಡಕ್ಟರ್."

"ಯಾವ ಬಸ್ಸಿಂದು?"

"ಅದು ಹಳ್ಳದ ಆಚೀಗೈತ್ರಿ."

ಡಾಕ್ಟರು ಮುಂದೆ ಕೇಳಲಿಲ್ಲ. ಬುದ್ಧಿವಂತರು. ಸೂಜಿ ಚುಚ್ಚುವ ತನಕ ಮಲ್ಲವ್ವ ನನ್ನ ಕೈ ತೆಗೆಯಗೊಡಲಿಲ್ಲ. ಚುಚ್ಚಿದ ಮೇಲೆ ನಾನೇ ತೆಗೆಯಲು ಹೋದರೆ ಬೆರಳುಗಳು ಮಡಚಿಕೊಂಡೇ ಉಳಿದಿದ್ದವು. ಗಂಜಿ ಒಣಗಿತ್ತೋ, ನಾನೇ ಒಣಗಿದ್ದೆನೋ. ಡಾಕ್ಟರೇ ಒಂದೊಂದಾಗಿ ಬಿಡಿಸಿದರು. ಬೆಳಗಾಗುವ ತನಕ ಏನೂ ಹೇಳಲಾರೆ ಎಂದರು. ನಾನೂ ಮಲ್ಲವ್ವನೂ ದವಾಖಾನೆಯ ಕಟ್ಟೆಯ ಮೇಲೆ ಕೂತೆವು. ಸಾಹೇಬರ ತಪಾಸಣೆ ನೆನಪಾಗಲಿಲ್ಲ.

ಮುಂಜಾನೆ ಹಳ್ಳ ಇಳಿದಿತ್ತು. ಖಾಜಾ ಮಾಮಾ ಮೋಟಾರನ್ನು ಸ್ಟ್ಯಾಂಡಿಗೂ ಒಯ್ಯದೆ, ಆಡು, ದರ್ಜಿ, ಕುಳ್ಳು ಎಲ್ಲದರ ಸಮೇತ ನೇರ ದವಾಖಾನೆಯ ಬಾಗಿಲಿಗೆ ತಂದು ನಿಲ್ಲಿಸಿದ. ಮೊದಲು ಇಳಿದವಳು ಸಿದ್ದಮ್ಮ. ಅವಳು ನೇರ ಒಳಗೆ ನಡೆದಳು. ಒಳಗೆ ಕೂಸು ತಾಯಿಯ ತೊಡೆಯ ಮೇಲೆ ಕೂತು, ನರ್ಸಮ್ಮ ಕೊಟ್ಟ ಬಿಸ್ಕೀಟನ್ನು ತಿನ್ನದೆ ಬರೀ ನೆಕ್ಕುತ್ತಿತ್ತು. ಮುದುಕಿ ಕೂಸಿನ ದೃಷ್ಟಿ ತೆಗೆದು ನೆಟಿಗೆ ಮುರಿದಳು. ನಾನು ಬಾಗಿಲಿಂದಲೇ ತಿರುಗಿ ಬಂದೆ. ಖಾಜಾ ಮಾಮಾ ಬಾನೆಟ್ಟಿಗೆ ಒರಗಿ ಬೀಡಿ ಸೇದುತ್ತ, ಏನಾಯ್ತೆಂದು ಹುಬ್ಬಿನಲ್ಲೇ ಕೇಳಿದ. ಉಳೀತು ಎನ್ನುವಂತೆ ನಾನು ತಲೆ ತೂಗಿದೆ. ಅವನು ಬೀಡಿ ಎಸೆದು, ಸುಮ್ಮನೆ ಗಾಜು ಒರೆಸತೊಡಗಿದ. ಗಾಜು ಸ್ವಚ್ಛವಾಗಿಯೇ ಇತ್ತು.

ಇದರಿಂದ ನನ್ನ ಜಂಬ ಬಿಟ್ಟಿತು, ಹೆಸರು ಮಾತ್ರ ಬಿಡಲಿಲ್ಲ. ಆಮೇಲಿನ ದಿನಗಳಲ್ಲಿ ಚೇಳು ಕಡಿಸಿಕೊಂಡವರು ನಮ್ಮ ಮೋಟಾರಿಗೇ ಕಾಯುತ್ತಿದ್ದರು. ಇಲ್ಲವೆಂದರೆ ನಂಬುವುದಿಲ್ಲವೆಂದು ಕಲಿತಿದ್ದೆನಲ್ಲ. ನನ್ನ ಕೈ ತಡೆಯುವುದಷ್ಟೇ, ಇಳಿಸುವುದು ಸೂಜಿ ಎಂದು ಹೇಳಿ, ಕಾಲು ಹಿಡಿದುಕೊಂಡೇ ದವಾಖಾನೆಗೆ ಇಳಿಸಿ ಬರುತ್ತಿದ್ದೆ. ಇನ್ನೊಂದು ಕೈಯಲ್ಲಿ ಟಿಕೆಟ್ಟು ಹರಿಯುವುದನ್ನೂ ರೂಢಿ ಮಾಡಿಕೊಂಡೆ. ಕಿತ್ತುಹೋದ ಪರದೆಯನ್ನು ಮಾತ್ರ ಇಲಾಖೆ ಮತ್ತೆ ಕಟ್ಟಲಿಲ್ಲ. ಯಾರೂ ಕೇಳಲೂ ಇಲ್ಲ.

ಮುಂದಿನ ವರ್ಷ, ಸುಗ್ಗಿ ಮುಗಿದ ಮೇಲೆ, ಒಂದು ದಿನ ಶಹಾಪುರದ ಸ್ಟ್ಯಾಂಡಿನಲ್ಲಿ ಸಿದ್ದಮ್ಮ ನಿಂತಿದ್ದಳು. ಪಕ್ಕದಲ್ಲಿ ಆ ಕೂಸು, ಈಗ ಚಡ್ಡಿ ಹಾಕಿದ ಹುಡುಗ, ಎರಡೂ ಕಾಲಿನಲ್ಲಿ ಜಿಗಿಯುತ್ತಿದ್ದ.  ಬಾಗಿಲಲ್ಲಿ ನಿಂತು ಕೈ ಚಾಚಿ, ಬಾರಪ್ಪ ಎಂದೆ. ಹುಡುಗ ನನ್ನ ಖಾಕಿ ಅಂಗಿಯನ್ನು ನೋಡಿದ್ದೇ ತಡ, ಕಿಟಾರನೆ ಕಿರುಚಿ ಅಜ್ಜಿಯ ಹಿಂದೆ ಓಡಿ, ಎರಡೂ ಕೈಯಿಂದ ತನ್ನ ಹಿಮ್ಮಡಿ ಮುಚ್ಚಿಕೊಂಡು ಕೂತುಬಿಟ್ಟ. ಅವನ ಪಾಲಿಗೆ ಚೇಳು ಅಂದರೆ ನಾನೇ. ಕಾಲು ಹಿಡಿದು ಬಿಡದವನು. ಸಿದ್ದಮ್ಮ ಅವನನ್ನು ಎತ್ತಿಕೊಂಡು, ಮುಖವನ್ನು ಸೆರಗಿನಲ್ಲಿ ಮುಚ್ಚಿ, ನನ್ನ ಕಡೆ ನೋಡಿ ತಪ್ಪು ತನ್ನದೇ ಎಂಬಂತೆ ನಕ್ಕಳು.

"ನೀ ಹೋಗೋ ತಮ್ಮಾ. ನಾವು ಹಿಂದ ಬರೂ ಮೋಟಾರಿಗೆ ಬರ್ತೀವಿ."

ನಾನು ಸೀಟಿ ಊದಿದೆ. ಖಾಜಾ ಮಾಮಾ ಗೇರು ಹಾಕಿದ.